ಹದಿನಾಲ್ಕನೇ ತಾರೀಖಿನ ಸೀಟು

ಪುಕ್ಕಟೆ ಕೊಡುತ್ತೇವೆ ಎನ್ನುವವರನ್ನು ನಾನು ನಂಬುವವನಲ್ಲ. ಎರಡು ಅಂಗಿ ಕೊಂಡರೆ ಒಂದು ಫ್ರೀ ಅಂದರೆ ಮೂರನ್ನೂ ಬಿಚ್ಚಿ, ಹೊಲಿಗೆ ನೋಡಿ, ಮೂರನ್ನೂ ಅಲ್ಲೇ ಇಟ್ಟು ಬರುತ್ತೇನೆ. ಅಂಥ ನಾನು ಒಂಬತ್ತು ವರ್ಷ ಒಂದು ವಿಮಾನ ಕಂಪನಿಯ ಪಾಯಿಂಟುಗಳನ್ನು ನೆಚ್ಚಿಕೊಂಡು ಕೂತಿದ್ದೆ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನನ್ನ ಹೆಸರು ಅಮರೇಶ. ಹುಟ್ಟಿದ್ದು ಮಾನ್ವಿ ತಾಲೂಕಿನ ಹಿರೇಕೊಟ್ನೆಕಲ್‌ನಲ್ಲಿ, ಈಗ ಮನೆ ರಾಯಚೂರಿನಲ್ಲಿ. ಶಕ್ತಿನಗರದಲ್ಲಿ ಗುತ್ತಿಗೆ ಕೂಲಿಯಾಗಿ ಬಾಯ್ಲರಿನೊಳಗೆ ಇಳಿದವನು, ಈಗ ಒಂದು ಗುತ್ತಿಗೆ ಕಂಪನಿಯ ಮೇಸ್ತ್ರಿ. ಕರೆಂಟು ಮಾಡುವ ಸ್ಥಾವರಗಳು ವರ್ಷಕ್ಕೊಮ್ಮೆ ಬಾಯ್ಲರ್ ಆರಿಸಿ ರಿಪೇರಿಗೆ ನಿಲ್ಲಿಸುತ್ತವೆ. ಆಗ ಛತ್ತೀಸಗಢ, ಜಾರ್ಖಂಡ, ಒಡಿಶಾ ಎಂದು ನಮ್ಮ ಗ್ಯಾಂಗಿಗೆ ಕರೆ ಬರುತ್ತದೆ. ಒಂದು ದಿನ ತಡವಾದರೂ ಅವರಿಗೆ ನಷ್ಟ, ಹೀಗಾಗಿ ಕಂಪನಿಯವರು ನಮ್ಮನ್ನು ಬಸ್ಸಿನಲ್ಲಿ ಹೈದರಾಬಾದಿಗೆ ಕಳಿಸಿ ಅಲ್ಲಿಂದ ತ್ರಿವೇಣಿ ಏರ್ ಎಂಬ ವಿಮಾನ ಹತ್ತಿಸುತ್ತಾರೆ. ಗ್ಯಾಂಗ್ ಅಂದ ಮೇಲೆ ಎಲ್ಲವೂ ಮೇಸ್ತ್ರಿಯ ಹೆಸರಿನಲ್ಲೇ. ಊಟದ ಚೀಟಿ ನನ್ನ ಹೆಸರಿಗೆ, ಕೋಣೆಯ ಕೀಲಿ ನನ್ನ ಹೆಸರಿಗೆ, ಹುಡುಗರ ಹಾಜರಿ ಹಾಕುವುದೂ ನನ್ನ ಕೈ. ನಮ್ಮ ಕೆಲಸ ನಡೆಯುವುದೇ ಹಾಗೆ, ಅದರಲ್ಲಿ ತಪ್ಪೇನೂ ನನಗೆ ಯಾವತ್ತೂ ಕಂಡಿರಲಿಲ್ಲ.

ತ್ರಿವೇಣಿಯವರು ಕಾರ್ಡೊಂದನ್ನು ಕೊಟ್ಟಿದ್ದರು. ಪ್ರತಿ ಸಲ ವಿಮಾನದಲ್ಲಿ ಕೂತಾಗ ಅದಕ್ಕೆ ಇಷ್ಟು ಪಾಯಿಂಟು ಬೀಳುತ್ತದೆ, ಸಾಕಷ್ಟು ಕೂಡಿದರೆ ಟಿಕೆಟು ಪುಕ್ಕಟೆ. ಕೊಡುವಾಗ ನಗುನಗುತ್ತ ಕೊಟ್ಟರು, ಲೆಕ್ಕದಲ್ಲಿ ಮಾತ್ರ ಬಲು ಬಿಗಿ. ಒಮ್ಮೆ ಮಹಬೂಬ್‌ನಗರದ ಹತ್ತಿರ ಬಸ್ಸು ಕೆಟ್ಟು ರಾಂಚಿಯ ವಿಮಾನ ತಪ್ಪಿತು. ಟಿಕೆಟಂತೂ ಹೋಯಿತು, ಪಾಯಿಂಟಾದರೂ ಹಾಕಿ ಎಂದು ಫೋನಿನಲ್ಲಿ ಜಗಳ ತೆಗೆದೆ. ಆ ಹೆಣ್ಣುಮಗಳು ಹಿಂದಿಯಲ್ಲಿ ತಣ್ಣಗೆ ಹೇಳಿದಳು. ಟಿಕೆಟ್ ತೆಗೆಸಿದರೆ ಪಾಯಿಂಟ್ ಬರುವುದಿಲ್ಲ ಸರ್, ಬಾಗಿಲಲ್ಲಿ ಪಾಸ್ ತೋರಿಸಿ ಒಳಗೆ ಹೋಗಿ ಸೀಟಿನಲ್ಲಿ ಕೂತರೆ ಮಾತ್ರ. ಕೂತವರಿಗಷ್ಟೇ ಪಾಯಿಂಟು ಎಂಬ ಆ ಮಾತು ನನ್ನ ತಲೆಯಲ್ಲಿ ಉಳಿಯಿತು.

ಈ ಪಾಯಿಂಟುಗಳ ಮೇಲೆ ನನಗೆ ಆಸೆ ಹುಟ್ಟಿದ್ದು ನಮ್ಮವ್ವನಿಂದ. ಅವ್ವ ಶೇಖಮ್ಮನಿಗೆ ಅರವತ್ತೊಂಬತ್ತು. ನಲವತ್ತು ವರ್ಷ ಮಂದಿಯ ಗದ್ದೆಯ ಕೆಸರಿನಲ್ಲಿ ಬಗ್ಗಿ ಭತ್ತ ನಾಟಿ ಮಾಡಿ ಅವಳ ಎರಡೂ ಮೊಣಕಾಲು ಹೋಗಿವೆ. ಹೋದ ವರ್ಷ ನಮ್ಮ ಓಣಿಯ ವಿಹಾರದ ಹೆಣ್ಣುಮಕ್ಕಳೆಲ್ಲ ರೈಲಿನಲ್ಲಿ ಬುದ್ಧಗಯಾಕ್ಕೆ ಹೋಗಿ ಬಂದರು. ಎರಡು ದಿನ ಕೂತು ಹೋಗುವ ಶಕ್ತಿ ಅವ್ವನಿಗಿರಲಿಲ್ಲ. ಅವರು ತಂದುಕೊಟ್ಟ ಬೋಧಿಯ ಎಲೆಯನ್ನು ಅವಳು ಬಾಬಾಸಾಹೇಬರ ಫೋಟೋದ ಚೌಕಟ್ಟಿಗೆ ಸಿಕ್ಕಿಸಿ ದಿನಾ ನೋಡುತ್ತಿದ್ದಳು. ನೋಡಲಾರದೆ ಒಂದು ಭಾನುವಾರ ವಂದನೆ ಮುಗಿದ ಮೇಲೆ ಎಲ್ಲರೆದುರು ನಾನು ಎದ್ದು ನಿಂತು, ಈ ಸಲದ ಬುದ್ಧ ಪೂರ್ಣಿಮೆಗೆ ಅವ್ವನನ್ನು ವಿಮಾನದಲ್ಲಿ ಗಯಾಕ್ಕೆ ಕರೆದುಕೊಂಡು ಹೋಗುತ್ತೇನೆ, ಅದೂ ಪುಕ್ಕಟೆ, ಎಂದುಬಿಟ್ಟೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಅವ್ವ ಒಬ್ಬಳನ್ನು ಬಿಟ್ಟು.

ಮನೆಗೆ ಬಂದ ಮೇಲೆ ಅವಳು ಕೇಳಿದಳು. "ಲೇ ಅಮರ್ಯಾ, ಟಿಕೀಟಿಗೆ ರೊಕ್ಕ ಕೊಟ್ಟಾಂವ ನಿಮ್ಮ ಮಾಲಕ. ಮ್ಯಾಲ ನಿನಗ ಯಾಕ ಬಹುಮಾನ ಕೊಡ್ತಾರ? ಇದ್ರಾಗ ಏನೋ ಅದ."

"ಏನೂ ಇಲ್ಲ ಬೇ. ನೀ ಸುಮ್ನ ಸೀರಿ ತಗದಿಟ್ಕೋ."

"ನಾ ತಗದಿಟ್ಕೋತೀನಿ. ನೀ ಮಾತ್ರ ಎಲ್ಲಾ ಸರಿಯಾಗಿ ನೋಡು," ಎಂದಳು. ನನ್ನ ಅನುಮಾನದ ಬುದ್ಧಿ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ನಾನು ಬೇರೆಲ್ಲೂ ತೋರಿಸಬೇಕಾಗಿಲ್ಲ.

ನನ್ನ ಕಾರ್ಡಿನಲ್ಲಿ ಎಂಬತ್ತಾರು ಸಾವಿರ ಪಾಯಿಂಟಿದ್ದವು. ಇಬ್ಬರಿಗೆ ಹೋಗಿ ಬರಲು ಅರವತ್ತು ಸಾವಿರ ಸಾಕು. ಆದರೆ ತ್ರಿವೇಣಿ ಗಯಾಕ್ಕೆ ಹೋಗುವುದಿಲ್ಲ, ಕೋಲ್ಕತ್ತಾಕ್ಕೆ ನಿಲ್ಲುತ್ತದೆ. ಅಲ್ಲಿಂದ ಮುಂದೆ ಪೂರ್ವಾ ಏರ್‌ವೇಸ್. ಇಬ್ಬರೂ ಪಾಲುದಾರರಾಗಿದ್ದಾರೆ, ಒಬ್ಬರ ಪಾಯಿಂಟು ಇನ್ನೊಬ್ಬರಲ್ಲಿ ನಡೆಯುತ್ತದೆ ಎಂದು ದೊಡ್ಡ ಜಾಹೀರಾತು ಹಾಕಿದ್ದರು. ಜನವರಿಯಿಂದ ನಾನು ಫೋನ್ ಹಿಡಿದೆ. ತ್ರಿವೇಣಿಯವರು, ಗಯಾದ ಸೀಟು ಪೂರ್ವಾದವರ ಕೈಯಲ್ಲಿದೆ, ಅವರನ್ನು ಕೇಳಿ ಎಂದರು. ಪೂರ್ವಾದವರು, ಪಾಯಿಂಟು ತ್ರಿವೇಣಿಯದು, ಅವರೇ ಹೇಳಬೇಕು ಎಂದರು. ದುಡ್ಡು ಕೊಟ್ಟು ಕೊಳ್ಳುವವರಿಗೆ ಅದೇ ದಿನ ಅದೇ ವಿಮಾನದಲ್ಲಿ ನಲವತ್ತು ಸೀಟು ಖಾಲಿ, ಪಾಯಿಂಟಿನವರಿಗೆ ಒಂದೂ ಇಲ್ಲ. ಹೀಗೆ ಒಬ್ಬರ ಮೇಲೊಬ್ಬರು ಹಾಕುವವರು ಒಳಗೊಳಗೇ ಕೂಡಿಕೊಂಡಿರುತ್ತಾರೆ ಎಂಬುದು ನನ್ನ ಅನುಭವ. ಅದೂ ಅಲ್ಲದೆ ಮಾರ್ಚ್ ಮೂವತ್ತೊಂದಕ್ಕೆ ನನ್ನ ಹಳೆಯ ಪಾಯಿಂಟುಗಳು ಸಾಯುತ್ತವಂತೆ. ಮೇ ತಿಂಗಳ ಟಿಕೆಟನ್ನು ಅಷ್ಟರೊಳಗೆ ತೆಗೆಸಬೇಕಿತ್ತು.

ಮಾರ್ಚ್ ಹತ್ತರಂದು ಕೊನೆಗೂ ಗಯಾಕ್ಕೆ ಎರಡು ಸೀಟು ಕಂಡವು. ಒತ್ತಿದೆ. ಖಾತೆ ತಡೆಹಿಡಿಯಲಾಗಿದೆ ಎಂದು ಕೆಂಪಕ್ಷರ ಬಂತು.

ಸೀದಾ ಸ್ಟೇಷನ್ ರಸ್ತೆಯಲ್ಲಿರುವ ಜಿಲಾನಿ ಪಾಷಾನ ಅಂಗಡಿಗೆ ಹೋದೆ. ಪಾಷಾ ರೈಲು, ಬಸ್ಸು, ವಿಮಾನ ಎಲ್ಲ ಟಿಕೆಟು ತೆಗೆದುಕೊಡುತ್ತಾನೆ. ನನ್ನ ಕಾರ್ಡಿನ ಪಾಸ್‌ವರ್ಡ್ ಗೊತ್ತಿರುವವನು ನನ್ನನ್ನು ಬಿಟ್ಟರೆ ಅವನೊಬ್ಬನೇ. ದಾರಿಯಲ್ಲೇ ನನಗೆ ಅವನ ಮೇಲೆ ಅನುಮಾನ ಬಂದಿತ್ತು, ಹೋದವನೇ ಅದನ್ನು ಆಡಿಯೂಬಿಟ್ಟೆ.

ಪಾಷಾ ಕನ್ನಡಕ ತೆಗೆದು ನನ್ನ ಮುಖ ನೋಡಿದ. "ಮೇಸ್ತ್ರಿ, ನಿಮ್ ಪಾಯಿಂಟ್ ತಗೊಂಡು ನಾ ಏನ್ ಮಾಡ್ಲಿ? ನಂಗೆ ಗದ್ವಾಲ್ ಬಸ್ಸಿನಾಗೇ ವಾಂತಿ ಆಗ್ತದ. ಕುಂದ್ರಿ, ಮೇಲ್ ಏನ್ ಬಂದದ ನೋಡೋಣ."

ಮೇಲ್ ಬಂದು ಎರಡು ದಿನವಾಗಿತ್ತು. ಪಾಷಾ ಓದಿ ಹೇಳಿದ. ಒಬ್ಬನೇ ಸದಸ್ಯ ಒಂದೇ ವಿಮಾನದಲ್ಲಿ ಎರಡು ಸೀಟಿನಲ್ಲಿ ಕೂತು ಹೋದದ್ದು ಇಪ್ಪತ್ಮೂರು ಸಲ ಕಂಡಿದೆ. ಪಾಲುದಾರ ಕಂಪನಿಯ ಜೊತೆ ಲೆಕ್ಕ ತಾಳೆ ನೋಡುವಾಗ ಸಿಕ್ಕಿದೆ. ಹದಿನೈದು ದಿನದೊಳಗೆ ವಿವರಣೆ ಕೊಡದಿದ್ದರೆ ಖಾತೆ ರದ್ದು.

"ಒಬ್ಬ ಮನ್ಷ್ಯಾ ಎರಡು ಸೀಟಿನಾಗ ಹ್ಯಾಂಗ ಕುಂದ್ರತಾನ ಪಾಷಾ ಭಾಯ್? ಪಾಯಿಂಟ್ ಕೊಡಬಾರದಂತ ಇವರು ಹೂಡಿದ ಆಟ ಇದು."

"ಅದ್ಕೇ ಅವ್ರೂ ಕೇಳಾಕತ್ತಾರ," ಎಂದು ಪಾಷಾ ಒಂಬತ್ತು ವರ್ಷದ ಪಟ್ಟಿಯನ್ನೆಲ್ಲ ಪ್ರಿಂಟ್ ತೆಗೆದ. ಹನ್ನೊಂದು ಹಾಳೆ. ಹಾಳೆ ತಿರುವುತ್ತ ಕೇಳಿದ, "ನಿಮ್ಮೂರಾಗ ಅಮರೇಶ ಅಂತ ಎಷ್ಟು ಮಂದಿ ಅದಾರ?"

ನಮ್ಮ ಕೇರಿಯಲ್ಲೇ ಒಂಬತ್ತು ಮಂದಿ. ನಾವೆಲ್ಲ ಬುದ್ಧನ ದಾರಿಗೆ ಬಂದದ್ದು ಆಮೇಲೆ, ಅದಕ್ಕೂ ಮೊದಲೇ ಅಜ್ಜಿಯರು ಗುರುಗುಂಟದ ದೇವರಿಗೆ ಹರಕೆ ಹೊತ್ತು ಅವನ ಹೆಸರನ್ನೇ ನಮಗೆಲ್ಲ ಇಟ್ಟಿದ್ದರು. ಅಡ್ಡಹೆಸರು ನಮ್ಮಲ್ಲಿ ಯಾರಿಗೂ ಇಲ್ಲ. ವಿಮಾನದ ಟಿಕೆಟಿಗೆ ಎರಡು ಹೆಸರು ಬೇಕು ಎಂದಾಗ ಆಫೀಸಿನವರು ಊರ ಹೆಸರನ್ನೇ ಹಿಂದೆ ಅಂಟಿಸಿದ್ದರು. ಅಮರೇಶ ಹಿರೇಕೊಟ್ನೆಕಲ್. ನಮ್ಮ ಗ್ಯಾಂಗಿನಲ್ಲಿ ಅದೇ ಹೆಸರಿನ ಇನ್ನೊಬ್ಬನಿದ್ದ ಎಂಬುದು ಆಗ ನೆನಪಾಯಿತು. ವೆಲ್ಡರ್ ಅಮರೇಶ.

ನೆನಪಾದದ್ದೇ ತಡ, ಎಲ್ಲ ಹೊಳೆಯಿತು. ನನ್ನ ಕಾರ್ಡಿನ ನಂಬರನ್ನು ಅವನು ಕದ್ದು ಬಳಸಿದ್ದಾನೆ. ಕದಿಯುವುದು ಅವನಿಗೆ ಹೊಸದೇನೂ ಅಲ್ಲವಲ್ಲ! ಹೇಳಲು ನಾಚಿಕೆಯಾಗುತ್ತದೆ, ಆಗ ನನಗೆ ಒಳಗೊಳಗೇ ಖುಷಿಯಾಯಿತು. ಕಳ್ಳ ಸಿಕ್ಕನೆಂಬ ಖುಷಿ.

ಎರಡು ವರ್ಷದ ಹಿಂದಿನ ಮಾತು. ಛತ್ತೀಸಗಢದ ಒಂದು ಸ್ಥಾವರದಲ್ಲಿ ಕೆಲಸವಿತ್ತು. ಬಾಯ್ಲರಿನ ಪೈಪು ಎಷ್ಟು ಸವೆದಿದೆ ಎಂದು ಹೊರಗಿನಿಂದಲೇ ಅಳೆಯುವ ಮೀಟರೊಂದಿತ್ತು. ಅಂಗೈಯಗಲದ್ದು, ಬಲು ತುಟ್ಟಿ. ಫೆಬ್ರವರಿ ಹದಿನೈದರ ಮುಂಜಾನೆ ನಾನೇ ಅದರಿಂದ ಅಳತೆ ಮಾಡಿ ಪೆಟ್ಟಿಗೆಯಲ್ಲಿಟ್ಟಿದ್ದೆ. ಹದಿನಾರರ ಮುಂಜಾನೆ ನೋಡಿದರೆ ಮೀಟರೂ ಇಲ್ಲ, ವೆಲ್ಡರ್ ಅಮರೇಶನೂ ಇಲ್ಲ. ಯಾರಿಗೂ ಹೇಳದೆ ಊರಿಗೆ ಹೋಗಿದ್ದ. ನಾವು ವಾಪಸಾದ ಮೇಲೆ ಅವನು ಹೇಳಿದ್ದು, ಮಗಳು ಹುಟ್ಟಿದ ಸುದ್ದಿ ಬಂತು, ಕೇಳಿದರೆ ರಜೆ ಕೊಡುವುದಿಲ್ಲವೆಂದು ಹದಿನಾಲ್ಕಕ್ಕೇ ವಿಮಾನ ಹತ್ತಿದೆ ಎಂದು. ಆದರೆ ಹದಿನೈದರ ಹಾಜರಿಯಲ್ಲಿ ಅವನ ಹೆಸರಿನ ಮುಂದೆ ಗುರುತಿತ್ತು. ಹದಿನಾಲ್ಕರ ಒಂದೇ ಟಿಕೆಟು ಆಫೀಸಿನ ಲೆಕ್ಕದಲ್ಲಿತ್ತು, ಅದೂ ನನ್ನದು. ಕೆಲಸ ಮುಗಿಯಬಹುದೆಂದು ನಾನು ತೆಗೆಸಿ, ಮುಗಿಯದ್ದಕ್ಕೆ ಬೇಡ ಎಂದು ಹೇಳಿದ್ದೆ. ಅವನ ಕೈಯಲ್ಲಿ ಚೀಟಿಯೂ ಇರಲಿಲ್ಲ, ಫೋನಿನಲ್ಲಿ ಗುರುತೂ ಇರಲಿಲ್ಲ. ಸುಳ್ಳ ಎಂದೆ. ಗೇಟ್ ಪಾಸಿಗೆ ಬೇಕು ಎಂದು ಒಂದು ಕಾಗದಕ್ಕೆ ಸಹಿ ಹಾಕಿಸಿದೆ. ಮೀಟರು ಹೋದದ್ದಕ್ಕೆ ಅವನೇ ಹೊಣೆ ಎಂದು ಅದರಲ್ಲಿ ಇಂಗ್ಲಿಷಿನಲ್ಲಿತ್ತು. ಆಮೇಲೆ ಅವನಿಗೆ ಯಾವ ಗುತ್ತಿಗೆದಾರನೂ ಕೆಲಸ ಕೊಡಲಿಲ್ಲ, ಊರಿನಲ್ಲೂ ಮಾತು ಹಬ್ಬಿತು, ಅವನು ಹೆಂಡತಿಯ ಊರಾದ ದೇವದುರ್ಗಕ್ಕೆ ಹೋಗಿ ಸೇರಿದ.

ಪಾಷಾ ಹೇಳಿದ, "ಈ ಇಪ್ಪತ್ಮೂರು ಸೀಟು ತನ್ನವು ಅಂತ ಅವ್ನ ಕಡಿಂದ ಬರ್ಸಿ ಸಹಿ ತಗೊಂಡ್ ಬರ್ರಿ. ನಿಮ್ದು ನಿಮಗೆ ಬಿಡ್ತಾರ." ಮರುದಿನವೇ ದೇವದುರ್ಗದ ಬಸ್ಸು ಹತ್ತಿದೆ.

ಬಸ್ ನಿಲ್ದಾಣದಿಂದ ಸ್ವಲ್ಪ ಮುಂದೆ ಅವನ ವೆಲ್ಡಿಂಗ್ ಅಂಗಡಿ. ತಗಡಿನ ಮಾಡು, ಒಳಗೆ ಕಿಟಕಿಯ ಗ್ರಿಲ್ಲುಗಳು ಸಾಲಾಗಿ ಒರಗಿದ್ದವು. ಅಮರೇಶ ಕಿಡಿ ಹಾರಿಸುತ್ತ ಕೂತಿದ್ದ. ನನ್ನನ್ನು ಕಂಡು ಮುಖದ ಗಾಜು ಮೇಲೆತ್ತಿದ, ಎದ್ದು ನಿಲ್ಲಲಿಲ್ಲ. ಅವನ ಹೆಂಡತಿ ಮೌನೇಶ್ವರಿ ಒಂದು ಸ್ಟೂಲು ತಂದಿಟ್ಟು ನೀರು ಕೊಟ್ಟಳು. ಅವಳ ಸೆರಗು ಹಿಡಿದುಕೊಂಡು ಒಂದು ಪುಟ್ಟ ಹುಡುಗಿ ನಿಂತಿತ್ತು.

ನಾನು ಹಾಳೆಗಳನ್ನು ಮುಂದಿಟ್ಟೆ. "ನನ್ನ ನಂಬರ್ ಯಾರಿಗೆ ಕೇಳಿ ಹಾಕಿದ್ದೆಲೇ?"

ಅವನು ಹಾಳೆ ಮುಟ್ಟಲಿಲ್ಲ. "ನಾ ಎಲ್ಲಿ ಹಾಕೀನ್ರೀ ಮೇಸ್ತ್ರಿ? ಮೊದಲನೇ ಸಲ ವಿಮಾನ ಹತ್ತೂ ಮುಂದ ಆಫೀಸಿನ ಶೇಖರ ಕೇಳಿದ, ಇವನ ಹೆಸರಿಗೂ ಒಂದು ಕಾರ್ಡ್ ಮಾಡಸ್ಲೇನು ಅಂತ. ನೀವ ಅಂದ್ರಿ, ಒಂದ ಊರು, ಒಂದ ಹೆಸರು, ಎರಡು ಕಾರ್ಡ್ ಯಾಕಲೇ, ನನ್ನ ನಂಬರ ಹಾಕು ಅಂತ. ಪಾಯಿಂಟ್ ಅಂದ್ರ ಏನಂತ ನನಗ ಇವತ್ತಿಗೂ ಗೊತ್ತಿಲ್ಲ."

ಮೊದಲೆಲ್ಲ ಅವನು ನನ್ನನ್ನು ಅಣ್ಣ ಎನ್ನುತ್ತಿದ್ದ. ಈಗ ಮೇಸ್ತ್ರಿ. ಅದು ಚುಚ್ಚುವ ಮೊದಲೇ ಅವನು ಹೇಳಿದ್ದು ನೆನಪಿಗೆ ಬಂತು. ಶೇಖರನ ಮೇಜು, ಗೋಡೆಯ ಫ್ಯಾನು, ಗ್ಯಾಂಗಿನ ಹುಡುಗರ ನಗು, ಎಲ್ಲ ನೆನಪಾಯಿತು. ಹೌದು, ನಾನೇ ಅಂದಿದ್ದೆ. ಊಟದ ಚೀಟಿ ಒಂದೇ ಇರುವಾಗ ಇದೂ ಒಂದೇ ಇರಲಿ ಎಂಬುದು ನನ್ನ ಲೆಕ್ಕವಾಗಿತ್ತು. ಆ ಪಾಯಿಂಟುಗಳಲ್ಲಿ ಒಂದು ಪಾಲು ಅವನ ಬೆವರಿನದು ಎಂಬುದು ಒಂಬತ್ತು ವರ್ಷ ನನಗೆ ಹೊಳೆದಿರಲಿಲ್ಲ.

ಆದರೂ ಸಿಟ್ಟು ಇಳಿಯಲಿಲ್ಲ. "ಆತು, ಹಂಗಂತ ಬರದು ಒಂದು ಸಹಿ ಮಾಡು. ನಮ್ಮವ್ವ ಗಯಾಕ್ಕ ಹೋಗೂದದ."

"ಸಹಿ ಮಾತ್ರ ಕೇಳಬ್ಯಾಡ್ರಿ," ಎಂದ. ದನಿ ಏರಿಸಲಿಲ್ಲ. "ನಿಮ್ಮ ಕಾಗದಕ್ಕ ಒಮ್ಮೆ ಸಹಿ ಮಾಡಿ ಕಳ್ಳ ಆಗೀನಿ. ಇದ್ರಾಗ ಏನ್ ಬರದದೋ ಯಾಂವ ಬಲ್ಲ."

"ಶೇಖವ್ವ ಚಲೋ ಅದಾಳೇನ್ರೀ? ಮೊಣಕಾಲು ಹ್ಯಾಂಗದಾವ?" ಎಂದು ಮೌನೇಶ್ವರಿ ಕೇಳಿದಳು. ನಾನು ಹಾಳೆ ಬಾಚಿಕೊಂಡು ಎದ್ದೆ.

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಗೆ ಒರಗಿ ಹಾಳೆಗಳನ್ನು ಬಿಚ್ಚಿದೆ. ಅವನ ಸಹಿ ಇಲ್ಲದಿದ್ದರೇನು, ಯಾವುದು ನನ್ನದು ಯಾವುದು ಅವನದು ಎಂದು ನಾನೇ ಗುರುತು ಹಾಕಿಕೊಡುತ್ತೇನೆ ಎಂದುಕೊಂಡು ಪೆನ್ನು ತೆಗೆದೆ. ಒಂದೊಂದೇ ಸಾಲು ನೋಡುತ್ತ ಎಂಟನೇ ಹಾಳೆಗೆ ಬಂದೆ. ಫೆಬ್ರವರಿ ಹದಿನಾಲ್ಕು, ರಾಯಪುರದಿಂದ ಹೈದರಾಬಾದ್, ಸೀಟು ಇಪ್ಪತ್ತೊಂದು ಸಿ, ಪಾಯಿಂಟು ಎಂಟುನೂರ ನಲವತ್ತು. ಅದರ ಕೆಳಗೆ ಫೆಬ್ರವರಿ ಹದಿನೇಳು, ಅದೇ ದಾರಿ. ಹದಿನೇಳರದು ನಾನು ಬಂದದ್ದು.

ಹದಿನಾಲ್ಕರದು ಬೇಡ ಎಂದಿದ್ದ ಟಿಕೆಟು. ಆ ದಿನ ನಾನು ಬಾಯ್ಲರಿನೊಳಗಿದ್ದೆ. ಟಿಕೆಟ್ ತೆಗೆಸಿದರೆ ಪಾಯಿಂಟ್ ಬರುವುದಿಲ್ಲ ಸರ್, ಕೂತರೆ ಮಾತ್ರ. ಹಾಗಾದರೆ ಆ ಸೀಟಿನಲ್ಲಿ ಯಾರೋ ಕೂತಿದ್ದರು. ಅಮರೇಶ ಹಿರೇಕೊಟ್ನೆಕಲ್ ಎಂಬ ಹೆಸರಿನವರು ಕೂತಿದ್ದರು.

ರಾಯಚೂರಿನಲ್ಲಿ ಇಳಿದವನೇ ಶೇಖರನಿಗೆ ಫೋನ್ ಮಾಡಿದೆ. ಆಫೀಸು ಬಿಟ್ಟು ಈಗ ಒಂದು ರೈಸ್ ಮಿಲ್ಲಿನಲ್ಲಿ ಗುಮಾಸ್ತನಾಗಿದ್ದಾನೆ. ಹಿಂದೆ ಮಿಲ್ಲಿನ ಸದ್ದು ಕೇಳುತ್ತಿತ್ತು.

"ಶೇಖರ, ಅವತ್ತಿನ ಹದಿನಾಲ್ಕನೇ ತಾರೀಖಿನ ನನ್ನ ಟಿಕೀಟು ಕ್ಯಾನ್ಸಲ್ ಮಾಡಿದ್ದಿಲ್ಲೇನು?"

"ಇಲ್ರೀ. ವೆಲ್ಡರ್ ಫೋನ್ ಮಾಡಿ ಅತ್ತ. ಹೆಸರು ಹ್ಯಾಂಗಿದ್ರೂ ಒಂದ ಅದ ಅಂತ ಅವನಿಗೇ ಕೊಟ್ಟೆ. ನಾ ಕೊಟ್ಟೆ ಅಂತ ಯಾರಿಗೂ ಹೇಳಬ್ಯಾಡ ಅಂದಿದ್ದೆ."

"ಮತ್ತ ಅವತ್ತ ಯಾಕ ಬಾಯಿ ಬಿಡಲಿಲ್ಲ?"

"ಮಾಲಕ್ರಿಗೆ ಗೊತ್ತಾದ್ರ ನನ್ನ ನೌಕರಿ ಹೋಗ್ತಿತ್ರೀ. ಮತ್ತ ನಿಮ್ಮ ಸಿಟ್ಟಿಗೂ ಅಂಜಿದೆ. ನೀವು ನನ್ನ ಕೇಳ್ಲೂ ಇಲ್ಲ."

ಕೇಳಿರಲಿಲ್ಲ, ನಿಜ. ಹದಿನೈದರ ಹಾಜರಿಯ ಗುರುತು ಹಾಕಿದ್ದೂ ನಾನೇ. ದಿನಾ ಮುಂಜಾನೆ ತಲೆ ಎಣಿಸದೆ ಎಲ್ಲರ ಮುಂದೆಯೂ ಗೀಚುವುದು ನನ್ನ ರೂಢಿ. ಜಗತ್ತನ್ನೆಲ್ಲ ಅನುಮಾನದಿಂದ ನೋಡುವ ನಾನು, ನನ್ನ ಕೈ ಗೀಚಿದ ಗುರುತನ್ನು ಮಾತ್ರ ಎರಡನೇ ಸಲ ನೋಡಿರಲಿಲ್ಲ. ಸ್ಟೇಷನ್ ರಸ್ತೆಯಲ್ಲಿ ಚಹಾದ ಗ್ಲಾಸು ಹಿಡಿದು ನಿಂತಿದ್ದೆ, ಚಹಾ ತಣ್ಣಗಾಯಿತು, ಕುಡಿಯಲಾಗಲಿಲ್ಲ. ಆ ಮೀಟರು ಯಾರು ಒಯ್ದರೋ ಇವತ್ತಿಗೂ ಗೊತ್ತಿಲ್ಲ. ಅಮರೇಶ ಒಯ್ದಿಲ್ಲ ಎಂಬುದಷ್ಟೇ ಗೊತ್ತು.

ಪಾಷಾಗೆ ಇದ್ಯಾವುದೂ ಗೊತ್ತಿರಲಿಲ್ಲ. ವೆಲ್ಡರ್ ಸಹಿ ಮಾಡಲಿಲ್ಲ ಎಂದಷ್ಟೇ ಹೇಳಿದೆ. ಅವನು ಇನ್ನೊಂದು ದಾರಿ ತೋರಿಸಿದ. ಕಂಪನಿಯ ಅರ್ಜಿಯಲ್ಲಿ ಎರಡು ಚೌಕಗಳಿದ್ದವು. ಪಟ್ಟಿಯಲ್ಲಿರುವ ಎಲ್ಲ ಪ್ರಯಾಣವೂ ನನ್ನದೇ, ಎರಡನೇ ಸೀಟು ಟಿಕೆಟು ತೆಗೆಸಿದವರ ತಪ್ಪು ಎಂಬುದು ಮೊದಲನೆಯದು. ಬೇರೆಯವರು ನನ್ನ ನಂಬರಿನ ಮೇಲೆ ಪ್ರಯಾಣ ಮಾಡಿದ್ದಾರೆ ಎಂಬುದು ಎರಡನೆಯದು.

"ಮೊದಲ್ನೇದು ಒತ್ರಿ. ಇಪ್ಪತ್ಮೂರು ಕಟ್ ಮಾಡ್ತಾರ, ಇಪ್ಪತ್ತು ಸಾವ್ರ ಹೋಗ್ತದ. ಉಳಿದಿದ್ದು ಅರವತ್ತಾರು. ಅಮ್ಮಾನ್ನ ಕರ್ಕೊಂಡ್ ಆರಾಮ್ ಹೋಗಿ ಬರ್ರಿ."

"ಎರಡನೇದು ಒತ್ತಿದ್ರ?"

"ಅದನ್ ಯಾರು ಒತ್ತತಾರ ಮೇಸ್ತ್ರಿ? ಕಾರ್ಡೇ ಹೋಗ್ತದ."

ನಾಳೆ ಬರುತ್ತೇನೆ ಎಂದು ಬಂದೆ. ನಾಳೆ ಎನ್ನುತ್ತ ನಾಲ್ಕು ದಿನ ಕಳೆದೆ. ಮನೆಯಲ್ಲಿ ಅವ್ವ ಬಿಳಿ ಸೀರೆ ಒಗೆದು, ನೀಲಿ ಹಾಕಿ, ಮಡಿಚಿ ಟ್ರಂಕಿನ ಮೇಲಿಟ್ಟಿದ್ದಳು. ವಿಮಾನದಲ್ಲಿ ರೊಟ್ಟಿ ಒಯ್ಯಬಹುದೋ ಇಲ್ಲವೋ ಎಂದು ದಿನಕ್ಕೆರಡು ಸಲ ಕೇಳುತ್ತಿದ್ದಳು. ವಿಹಾರದವರು ಅವಳ ಕೈಯಲ್ಲಿ ಗಯಾದ ಬೋಧಿಗೆ ಕಟ್ಟಲೆಂದು ಬಣ್ಣದ ಪತಾಕೆ ಕೊಟ್ಟಿದ್ದರು. ದುಡ್ಡು ಕೊಟ್ಟು ಒಯ್ಯೋಣವೆಂದರೆ ಇಬ್ಬರ ಟಿಕೆಟಿಗೆ ನನ್ನ ಎರಡು ತಿಂಗಳ ಪಗಾರ ಬೇಕು, ಮನೆಗೆ ಸ್ಲ್ಯಾಬ್ ಹಾಕಿಸಿ ಕೈ ಖಾಲಿಯಾಗಿತ್ತು. ಮೊದಲ ಚೌಕ ಒತ್ತಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಆದರೆ ಹಾಗೆ ಒತ್ತುವುದೆಂದರೆ ಹದಿನಾಲ್ಕನೇ ತಾರೀಖು ಆ ಸೀಟಿನಲ್ಲಿ ಕೂತವನು ನಾನು ಎಂದು ಸಹಿ ಮಾಡುವುದು. ಮಗಳ ಮುಖ ನೋಡಲು ಓಡಿದವನನ್ನು ಆ ಸೀಟಿನಿಂದ ಎಬ್ಬಿಸಿ ತಿರುಗಿ ಕಳ್ಳನ ಜಾಗದಲ್ಲಿ ಕೂರಿಸುವುದು. ಈ ಸಲ ತಿಳಿಯದೆ ಮಾಡಿದೆ ಎನ್ನುವಂತಿರಲಿಲ್ಲ.

ಐದನೇ ದಿನ ಪಾಷಾನ ಅಂಗಡಿಗೆ ಹೋಗಿ ಎರಡನೇ ಚೌಕ ಒತ್ತಿಸಿದೆ. ಪಾಷಾ ಎರಡೆರಡು ಸಲ ಕೇಳಿ, ನನ್ನ ಮುಖ ನೋಡಿ, ಒತ್ತಿದ. ವಾರದೊಳಗೆ ಉತ್ತರ ಬಂತು. ಒಬ್ಬರ ನಂಬರನ್ನು ಇನ್ನೊಬ್ಬರು ಬಳಸುವಂತಿಲ್ಲ ಎಂಬ ನಿಯಮ ಮುರಿದದ್ದರಿಂದ ಸದಸ್ಯತ್ವ ರದ್ದು, ಎಂಬತ್ತಾರು ಸಾವಿರವೂ ರದ್ದು. ಪಾಲುದಾರ ಕಂಪನಿಗೂ ತಿಳಿಸಲಾಗಿದೆಯಂತೆ. ಸೀಟು ಕೇಳಿದಾಗ ಒಬ್ಬರಿಗೊಬ್ಬರು ಗುರುತೇ ಇಲ್ಲದಂತೆ ಆಡಿದವರು ಈ ಸುದ್ದಿ ಮಾತ್ರ ಅದೇ ದಿನ ಮುಟ್ಟಿಸಿದ್ದರು. ನಿಜ ಹೇಳಿದವನಿಗೆ ಅರ್ಧವನ್ನಾದರೂ ಬಿಡಬಾರದಿತ್ತೇ! ಅವರ ಮೇಲಿನ ನನ್ನ ಸಿಟ್ಟು ಇನ್ನೂ ಹೋಗಿಲ್ಲ.

ಅವ್ವನಿಗೆ, ಪಾಯಿಂಟು ಕಿತ್ತುಕೊಂಡರು ಎಂದಷ್ಟೇ ಹೇಳಿದೆ.

"ಯಾಕ?"

"ಏನೋ ನಿಯಮ ಅಂತ ಬೇ."

ಅವಳು ನನ್ನ ಮುಖವನ್ನೇ ನೋಡುತ್ತ ಕೂತಳು. "ನೀ ಎಲ್ಲಾ ಹೇಳವಲ್ಲಿ. ಏನೋ ಅದ," ಎಂದಳು. ಸೀರೆ ತೆಗೆದು ಟ್ರಂಕಿನೊಳಗೆ ಇಟ್ಟಳು, ಪತಾಕೆಯನ್ನು ಅದರ ಮೇಲಿಟ್ಟು ಮುಚ್ಚಿದಳು. ನನಗೆ ಅಳು ಬಂತು.

"ನಾಳೆ ದೇವದುರ್ಗಕ್ಕ ಹೋಗೂಣು ಬಾ ಯವ್ವಾ," ಎಂದೆ. ಯಾಕೆ ಎಂದು ಅವಳು ಕೇಳಲಿಲ್ಲ.

ಅವತ್ತು ನಾನು ಎರಡು ಕಾಗದ ಬರೆದೆ, ಒಂದೇ ಒಕ್ಕಣೆಯವು. ಒಂದನ್ನು ನಮ್ಮ ಮಾಲಕರಿಗೆ ರಿಜಿಸ್ಟರ್ ಅಂಚೆಯಲ್ಲಿ ಹಾಕಿದೆ. ಇನ್ನೊಂದಕ್ಕೆ ಪಟ್ಟಿಯ ಎಂಟನೇ ಹಾಳೆ ಸೇರಿಸಿ ಜೇಬಿನಲ್ಲಿಟ್ಟುಕೊಂಡೆ.

ಮುಂಜಾನೆಯ ಬಸ್ಸಿನಲ್ಲಿ ಅವ್ವ ಎರಡೂ ಕೈಯಿಂದ ಮೊಣಕಾಲು ಹಿಡಿದುಕೊಂಡೇ ಬಂದಳು. ಅವಳನ್ನು ಕಂಡು ಅಮರೇಶ ವೆಲ್ಡಿಂಗಿನ ಹೋಲ್ಡರು ಕೆಳಗಿಟ್ಟು ಎದ್ದು ಬಂದ. "ಬರ್ರಿ ಯವ್ವಾ," ಎಂದು ಮೌನೇಶ್ವರಿ ಅವಳ ಕೈ ಹಿಡಿದು ಸ್ಟೂಲಿನ ಮೇಲೆ ಕೂರಿಸಿದಳು. ಪುಟ್ಟ ಹುಡುಗಿ ಬಾಗಿಲಲ್ಲಿ ನಿಂತು ನೋಡುತ್ತಿತ್ತು. "ಈಕಿ ಮೇಘಾ," ಎಂದಳು ಮೌನೇಶ್ವರಿ. "ಎಷ್ಟು ವರ್ಷವ್ವಾ?" ಎಂದ ಅವ್ವನಿಗೆ, "ಬರೂ ಫೆಬ್ರವರಿಗೆ ಮೂರು ತುಂಬತಾವ್ರೀ. ಹದಿಮೂರಕ್ಕ ಹುಟ್ಟ್ಯಾಳ," ಎಂದಳು.

ನಾನು ಕಾಗದವನ್ನು ಅಮರೇಶನ ಕಡೆ ಚಾಚಿದೆ. ಅವನು ಕೈ ಚಾಚಲಿಲ್ಲ.

"ಸಹಿ ಕೇಳಾಕ ಬಂದಿಲ್ಲಪ್ಪಾ. ಸಹಿ ನಂದದ. ಕನ್ನಡದಾಗ ಬರದೀನಿ."

ಆದರೂ ಅವನಿಗೆ ನಂಬಿಕೆ ಬರಲಿಲ್ಲ. ಪಿಯುಸಿ ಓದಿದ ಹೆಂಡತಿಯ ಕಡೆ ನೋಡಿ, "ಜೋರಾಗಿ ಓದು. ಒಂದಕ್ಷರ ಬಿಡಬ್ಯಾಡ," ಎಂದ.

ಮೌನೇಶ್ವರಿ ಕೈ ಒರೆಸಿಕೊಂಡು ಕಾಗದ ಬಿಚ್ಚಿದಳು. ಕುಂದ್ರಿ ಎಂದು ನನಗೆ ಯಾರೂ ಹೇಳಲಿಲ್ಲ, ನಿಂತೇ ಇದ್ದೆ. ಫೆಬ್ರವರಿ ಹದಿನಾಲ್ಕರಂದು ರಾಯಪುರದಿಂದ ಹೊರಟ ವಿಮಾನದ ಇಪ್ಪತ್ತೊಂದು ಸಿ ಸೀಟಿನಲ್ಲಿ ಕೂತು ಬಂದವನು ಈ ಅಮರೇಶ. ಮೀಟರು ಕಳುವಾದದ್ದು ಹದಿನೈದರ ಮುಂಜಾನೆಯಿಂದ ಈಚೆಗೆ. ಹದಿನೈದರ ಹಾಜರಿಯನ್ನು ನಾನು ಅವನನ್ನು ನೋಡದೆ ಹಾಕಿದ್ದೆ. ಗೇಟ್ ಪಾಸಿಗೆಂದು ಸುಳ್ಳು ಹೇಳಿ ಅವನಿಂದ ಸಹಿ ಹಾಕಿಸಿದ್ದೂ ನಾನು. ಅವನು ಕಳ್ಳನಲ್ಲ. ಕಳ್ಳ ಎಂದು ಊರಿಗೆಲ್ಲ ಸಾರಿದವನು ನಾನು. ಇಷ್ಟು ವರ್ಷ ಅವನಿಗೆ ಬರಬೇಕಾದ ಪಾಯಿಂಟುಗಳನ್ನು ನನ್ನವೆಂದು ಇಟ್ಟುಕೊಂಡವನೂ ನಾನೇ.

ಅವಳು ನಿಲ್ಲಿಸಿದಳು. ಪಕ್ಕದ ಪಂಕ್ಚರ್ ಅಂಗಡಿಯವನು ಬಂದು ಬಾಗಿಲಲ್ಲಿ ನಿಂತಿದ್ದ. ಅಮರೇಶ ಪಟ್ಟಿಯ ಹಾಳೆ ತೆಗೆದುಕೊಂಡು, ನಾನು ಗೆರೆ ಎಳೆದಿದ್ದ ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದ.

"ಎರಡು ವರ್ಷದಿಂದ ಆ ವಿಮಾನದವ್ರಿಗೆ ಗೊತ್ತಿತ್ತು ನೋಡು ಅಣ್ಣಾ, ಮೀಟರ್ ಹೋದಾಗ ನಾ ಅಲ್ಲಿ ಇರ್ಲಿಲ್ಲಂತ," ಎಂದ. "ನನ್ನ ಹೆಸರು, ಊರು ಎಲ್ಲಾ ಬರದಿಟ್ಟಿದ್ರು."

ಅವ್ವನ ಕಡೆ ನೋಡುವ ಧೈರ್ಯ ನನಗಿರಲಿಲ್ಲ. ಗಯಾ ಯಾಕೆ ತಪ್ಪಿತು ಎಂಬುದು ಅವಳಿಗೆ ಈಗ ತಿಳಿದಿತ್ತು. ಅಮರೇಶನನ್ನು ನಾನು ಕಳ್ಳ ಎಂದಾಗ ನನ್ನ ಮಾತು ನಂಬಿ ಅವನ ತಾಯಿಯ ಜೊತೆ ಮಾತು ಬಿಟ್ಟವಳು ಅವಳು. ಇಬ್ಬರೂ ಒಂದೇ ಗದ್ದೆಯಲ್ಲಿ ಮೂವತ್ತು ವರ್ಷ ನಾಟಿ ಮಾಡಿದವರು.

ಅವ್ವ ಸ್ಟೂಲಿನ ಅಂಚು ಹಿಡಿದು ಎದ್ದಳು. ಮೌನೇಶ್ವರಿ ಆಸರೆಗೆ ಬಂದರೆ ಬೇಡವೆಂದು ಕೈ ಮಾಡಿ, ಅಂಗಡಿಯ ಬಾಗಿಲಿಗೆ ಹೋಗಿ, ರಸ್ತೆಯಲ್ಲಿ ನಿಂತಿದ್ದವರನ್ನೆಲ್ಲ ಒಳಗೆ ಕರೆದಳು. ನಾಲ್ಕೈದು ಮಂದಿ ಬಂದು ಗ್ರಿಲ್ಲುಗಳ ಹತ್ತಿರ ನಿಂತರು. ಅವ್ವ ನನ್ನ ಪಕ್ಕದಲ್ಲಿ ಬಂದು ನಿಂತಳು, ಕೂರಲಿಲ್ಲ.

"ಇನ್ನೊಮ್ಮಿ ಓದವ್ವಾ," ಎಂದಳು.

ಮೌನೇಶ್ವರಿ ತಾರೀಖಿನಿಂದ ಶುರು ಮಾಡಿದಳು.